ಕಲ್ಲಯ್ಯ ತಟ್ಟಿ ನೋಡದೆ ಕಳಿಸಿದ್ದು

ತನ್ನ ಪಕ್ಷ ಸೋತ ಸುದ್ದಿ ಬಂದ ದಿನ ಕಲ್ಲಯ್ಯ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದ. ಬಡಿಸುತ್ತಿದ್ದ ಹೆಂಡತಿ ರೇಣುಕವ್ವ ಅವನ ಮುಖವನ್ನೇ ನೋಡಿದಳು. ಹನ್ನೆರಡು ವರ್ಷ ಆ ಪಕ್ಷದ ಬಾವುಟ ಕಟ್ಟಿದ ಮನುಷ್ಯ, ಉಪವಾಸ ಕೂರಬೇಕಾದ ಹೊತ್ತಿನಲ್ಲಿ ಶೇಂಗಾ ಚಟ್ನಿಗೆ ಇನ್ನಷ್ಟು ಎಣ್ಣೆ ಕೇಳುತ್ತಿದ್ದ. ಇದು ಹೇಗಾಯಿತೆಂದು ಹೇಳಬೇಕಾದರೆ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಎತ್ತಬೇಕು.

ಕಾಪುವಿನಲ್ಲಿ ಅವನನ್ನು ಬಿಜಾಪುರದವ ಎನ್ನುತ್ತಾರೆ. ಅವನದು ರೋಣದ ಕಡೆಯ ಹಳ್ಳಿ. ಬಿಜಾಪುರವನ್ನು ಅವನು ಬಸ್ಸಿನ ಕಿಟಕಿಯಿಂದಲೂ ಕಂಡವನಲ್ಲ. ಆದರೆ ಕರಾವಳಿಯವರ ಲೆಕ್ಕದಲ್ಲಿ ಗಾರೆ ಕೆಲಸಕ್ಕೆ ಘಟ್ಟ ಇಳಿದು ಬಂದವರೆಲ್ಲ ಬಿಜಾಪುರದವರೇ. ಮೊದಮೊದಲು ಅವನು ತಿದ್ದುತ್ತಿದ್ದ, ಆಮೇಲೆ ಬಿಟ್ಟ. ನಂದಿಕೂರಿನಲ್ಲಿ ವಿದ್ಯುತ್ ಸ್ಥಾವರ ಕಟ್ಟುವಾಗ ಹೆಂಡತಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದವನು, ಕೆಲಸ ಮುಗಿದ ಮೇಲೆ ಕಾಪುವಿನ ಒಂದು ಓಣಿಯಲ್ಲಿ ಉಳಿದುಬಿಟ್ಟ. ಅವನು ಕಟ್ಟಿದ ಗೋಡೆಗೆ ಯಾರೂ ಹೆಸರಿಡುವಂತಿರಲಿಲ್ಲ. ಕೆಂಪುಕಲ್ಲನ್ನು ಕೈಗೆತ್ತಿಕೊಂಡರೆ ಮೊದಲು ಕರಣೆಯ ಹಿಡಿಯಿಂದ ತಟ್ಟುತ್ತಾನೆ. ಸದ್ದು ಗಟ್ಟಿಯಾಗಿ ಬಂದರೆ ಗೋಡೆಗೆ, ಒಳಗೆ ಟೊಳ್ಳಿದ್ದಂತೆ ಬೊದ್ದಾಗಿ ಬಂದರೆ ಪಕ್ಕಕ್ಕೆ. ತಟ್ಟದೆ ಇಟ್ಟ ಕಲ್ಲು ಅವನ ಜನ್ಮದಲ್ಲಿ ಒಂದೂ ಇಲ್ಲ ಎಂಬುದು ಅವನ ಜಂಬ.

ಆ ಊರಲ್ಲಿ ಅವನನ್ನು ಮೊದಲು ಕುರ್ಚಿ ಕೊಟ್ಟು ಕೂರಿಸಿದವನು ರಿತೇಶ, ಪಕ್ಷದ ವಾರ್ಡು ಅಧ್ಯಕ್ಷ. ರೇಷನ್ ಕಾರ್ಡು, ಓಟಿನ ಚೀಟಿ ಎಲ್ಲವನ್ನೂ ಓಡಾಡಿ ಮಾಡಿಸಿಕೊಟ್ಟವನೂ ಅವನೇ. ಬಿಜಾಪುರದವ ಎಂದು ಎಲ್ಲರೂ ಕೂಗುತ್ತಿದ್ದಾಗ ರಿತೇಶ ಕಲ್ಲಯ್ಯಣ್ಣ ಎಂದ. ಅಷ್ಟು ಸಾಕಾಯಿತು. ಉಂಡ ಮನೆಗೆ ಎರಡು ಬಗೆಯುವ ಪೈಕಿಯವನಲ್ಲ ಕಲ್ಲಯ್ಯ. ಮತದಾರರ ಪಟ್ಟಿಯ ಒಂದು ಹಾಳೆ, ಹಿಂದೆ ಮುಂದೆ ಸೇರಿ ಅರವತ್ತು ಹೆಸರು, ಅವನ ಜವಾಬ್ದಾರಿಗೆ ಬಂತು. ನಮ್ಮವರಿಗೆ ಹಸಿರು ಗುರುತು, ಆ ಕಡೆಯವರಿಗೆ ಕೆಂಪು, ಎರಡಕ್ಕೂ ಸಲ್ಲದವರಿಗೆ ಪ್ರಶ್ನೆ ಚಿಹ್ನೆ. ಗುರುತು ಹಾಕುವುದು ಜಾತಿ, ಧರ್ಮ ನೋಡಿ. ಅದಕ್ಕೆ ಮನೆ ಬಾಗಿಲು ತಟ್ಟುವ ಅಗತ್ಯವೂ ಇರಲಿಲ್ಲ. ರೇಣುಕವ್ವ ಗಂಡನನ್ನು ಹಾಳೆಗೌಡ ಎಂದು ಕರೆದು ನಗುತ್ತಿದ್ದಳು.

ಹಾಳೆಯ ಜೊತೆಗೆ ಇನ್ನೊಂದು ಕೆಲಸವೂ ಬಂತು. ದಿನಾ ಬೆಳಿಗ್ಗೆ ರಿತೇಶ ಕಳಿಸುವ ಸಂದೇಶಗಳನ್ನು ತನ್ನ ಹಾಳೆಯವರಿಗೆಲ್ಲ ವಾಟ್ಸಾಪಿನಲ್ಲಿ ದಾಟಿಸಬೇಕು. ಮಗಳು ಜಯಮಾಲಾ ಅವನಿಗೊಂದು ಗುಂಪು ಮಾಡಿಕೊಟ್ಟು ನಮ್ಮ ಓಣಿ ಎಂದು ಹೆಸರಿಟ್ಟಳು. ಕೆಂಪು ಗುರುತಿನವರನ್ನು ಬಿಡಬೇಕೆಂದು ರಿತೇಶ ಹೇಳಿದ್ದ. ಆದರೆ ಓಣಿ ಎಂದ ಮೇಲೆ ಮೂಲೆಯ ಜೀನಸು ಅಂಗಡಿಯ ಕುಂಞಿ ಮೊಹಮ್ಮದರನ್ನು ಬಿಡುವುದು ಹೇಗೆ? ಕಲ್ಲಯ್ಯ ಎಲ್ಲರನ್ನೂ ಸೇರಿಸಿದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಬುತ್ತಿ ಹಿಡಿದು ಬಸ್ಸಿಗೆ ಓಡುವ ಮೊದಲು ಬಂದದ್ದನ್ನೆಲ್ಲ ಒತ್ತಿ ಒಂದೇಟಿಗೆ ತಳ್ಳುತ್ತಿದ್ದ. ಓದುವುದು ಅವನಿಗೆ ತಡ, ನೋಡಲು ಪುರುಸೊತ್ತಿಲ್ಲ. ಐದು ನಿಮಿಷದೊಳಗೆ ಕುಂಞಿ ಮೊಹಮ್ಮದರಿಂದ ಒಂದು ಹೆಬ್ಬೆರಳು ಬರುತ್ತಿತ್ತು, ಅದೊಂದು ನಮಸ್ಕಾರದ ಹಾಗೆ. ಕರಾವಳಿಯ ಮುಸ್ಲಿಮರಾದ ಅವರನ್ನು ಓಣಿಯವರೆಲ್ಲ ಬ್ಯಾರಿಗಳು ಎಂದೇ ಕರೆಯುತ್ತಿದ್ದರು. ಒಂದು ದಿನ ಕಲ್ಲಯ್ಯ ಅವಲಕ್ಕಿಗೆ ಹೋದಾಗ ಬ್ಯಾರಿಗಳು ತಕ್ಕಡಿ ಹಿಡಿದೇ ನಕ್ಕು, ಬ್ಯಾರಿಗಳ ಅಂಗಡಿಯಲ್ಲಿ ಏನೂ ಕೊಳ್ಳಬಾರದೆಂದು ಬೆಳಿಗ್ಗೆ ತಾವೇ ಅಪ್ಪಣೆ ಮಾಡಿದ್ದೀರಲ್ಲ ಎಂದರು. ಕಲ್ಲಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಅವಲಕ್ಕಿ ಕಟ್ಟಿಸಿಕೊಂಡು ಬಂದ. ಅವತ್ತೇ ಎಚ್ಚರಾಗಬೇಕಿತ್ತು, ಆಗಲಿಲ್ಲ.

ಅದೇ ಕುಂಞಿ ಮೊಹಮ್ಮದರ ಮಗ ನವಾಝ್ ದೋಹಾದಲ್ಲಿ ಇದ್ದ. ಕಲ್ಲಯ್ಯನ ಮಗ ಪರಮಾನಂದ ವಯರಿಂಗ್ ಕಲಿತು ಖಾಲಿ ಕೂತಾಗ, ತನ್ನ ಕಂಪೆನಿಯಲ್ಲೇ ಕೆಲಸ ನೋಡಿ ಕರೆಸಿಕೊಂಡವನು ನವಾಝ್. ಇಬ್ಬರೂ ಒಂದೇ ರೂಮು. ನವಾಝನ ಅಮ್ಮ ಆಸ್ಯಾ ಮಗನಿಗೆಂದು ಕಳಿಸುವ ಮೀನಿನ ಉಪ್ಪಿನಕಾಯಿಯ ಜೊತೆ, ಮೀನು ಮುಟ್ಟದ ಪರಮಾನಂದನಿಗೆಂದು ಮಾವಿನದೂ ಒಂದು ಬಾಟ್ಲಿ ಇರುತ್ತಿತ್ತು.

ಹೀಗಿರುವಾಗ ಕೊಲ್ಲಿ ದೇಶಗಳ ಕಡೆ ಯುದ್ಧ ಹತ್ತಿಕೊಂಡಿತು. ಎರಡನೆಯ ದಿನ ಬೆಳಿಗ್ಗೆ ಕಲ್ಲಯ್ಯನಿಗೆ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಕೆಲಸ. ಎಂದಿನಂತೆ ಒತ್ತಿದ, ತಳ್ಳಿದ, ಹೊರಟ. ಹತ್ತು ಗಂಟೆಗೆ ಗೋಡೆಯ ಮೇಲಿದ್ದಾಗ ಜಯಮಾಲಾಳ ಫೋನು ಬಂತು. ಅವಳು ಅಳುತ್ತಿದ್ದಳು. ಅಣ್ಣನ ಫೋನು ಹೋಗುತ್ತಿಲ್ಲ ಎಂದಳು. ಆಮೇಲೆ ಕೇಳಿದಳು, “ಅಪ್ಪಾ, ಮುಂಜಾನೆ ಏನ್ ಕಳಿಸಿದಿ ನೀ? ಕಳಸೂದಕ್ಕ ಮೊದಲ ನೋಡಿದ್ಯೋ ಇಲ್ಲೋ?”

ಅವನು ಕೆಳಗಿಳಿದು, ಸಿಮೆಂಟಿನ ಕೈ ಒರೆಸಿಕೊಂಡು ನೋಡಿದ. ಆಕಾಶದಲ್ಲಿ ಬೆಂಕಿಯ ಗೆರೆಗಳು, ಕೆಳಗೆ ಎತ್ತರದ ಕಟ್ಟಡಗಳು, ಹಿಂದೆ ಡೋಲಿನ ಸದ್ದು. ಅವರ ಊರು ಉರಿಯಲಿ, ನಮಗೆ ಹಬ್ಬ ಎಂದು ದಪ್ಪಕ್ಷರ. ಆ ಕಟ್ಟಡಗಳನ್ನು ಅವನು ಬಲ್ಲ. ಅವುಗಳ ಮುಂದೆ ನಿಂತು ಮಗ ಎಷ್ಟೋ ಫೋಟೋ ಕಳಿಸಿದ್ದ. ಕಲ್ಲಯ್ಯ ಕರಣೆಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದ. ಹೆತ್ತ ಮಗ ಇರುವ ಊರು ಉರಿಯಲಿ ಎಂದು ತನ್ನ ಬೆರಳಿನಿಂದಲೇ ಇಡೀ ಓಣಿಗೆ ಸಾರಿದ್ದ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವಾಗ ಆ ವಿಡಿಯೊವನ್ನು ಅಳಿಸಿದ. ಅಳಿಸಿತೆಂದು ಸ್ವಲ್ಪ ಉಸಿರು ಬಿಟ್ಟ. ಅಳಿಸಿದ್ದು ಅವನ ಫೋನಿನಲ್ಲಿ ಮಾತ್ರ, ಉಳಿದವರದರಲ್ಲಿ ಅದು ಹಾಗೆಯೇ ಇದೆ ಎಂಬುದು ಅವನಿಗೆ ತಿಳಿದದ್ದು ಓಣಿಗೆ ಕಾಲಿಟ್ಟ ಮೇಲೆ. ಗೇಟಿನಲ್ಲಿ ನಿಂತಿದ್ದ ಬ್ರೆಂಡಾ ಬಾಯಿ ಅವನನ್ನು ಕಂಡು ಒಳಗೆ ಹೋದರು. ಅವರ ಮಗಳು ಕ್ಯಾರೆನ್ ಕುವೈತಿನಲ್ಲಿ ನರ್ಸು. ಆಚೆ ಮನೆಯ ಲಕ್ಷಿತನ ಅಪ್ಪ ಬಹ್ರೈನಿನಲ್ಲಿ ಡ್ರೈವರು. ಕಲ್ಲಯ್ಯ ನಿಂತಲ್ಲೇ ಎಣಿಸಿದ. ಅವನ ಹಾಳೆಯ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ಆ ಬೆಂಕಿಯ ಕೆಳಗೆ ಇದ್ದರು. ಹಸಿರೂ ಇತ್ತು, ಕೆಂಪೂ ಇತ್ತು, ಪ್ರಶ್ನೆ ಚಿಹ್ನೆಯೂ ಇತ್ತು. ಯಾರ ಮಗ ಯಾವ ದೇಶದಲ್ಲಿದ್ದಾನೆಂದು ಬರೆಯಲು ಪಕ್ಷದ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಮನೆಗೆ ಬೀಗ. ರೇಣುಕವ್ವ ಬೆಳಿಗ್ಗೆಯಿಂದ ಆಸ್ಯಾರ ಮನೆಯಲ್ಲೇ ಇದ್ದಳು. ಎರಡು ದಿನ ಇಬ್ಬರು ತಾಯಂದಿರೂ ಒಂದೇ ಫೋನಿನ ಮುಂದೆ ಕೂತರು. ಕಲ್ಲಯ್ಯನಿಗೆ ಆ ಹೊಸ್ತಿಲು ತುಳಿಯುವ ಮುಖವಿರಲಿಲ್ಲ. ಮಗನಿಗೇನಾಗಿದೆಯೋ ಎಂಬ ಭಯ ಒಂದು ಕಡೆ, ಆ ಮನೆಯವರ ಕಣ್ಣಿನಲ್ಲಿ ತಾನೇನಾದೆ ಎಂಬ ನಾಚಿಕೆ ಇನ್ನೊಂದು ಕಡೆ. ಕೆಲಸಕ್ಕೂ ಹೋಗಲಿಲ್ಲ, ಜಗುಲಿ ಬಿಟ್ಟೂ ಏಳಲಿಲ್ಲ.

ಮೂರನೆಯ ದಿನ ಶುಕ್ರವಾರ. ಮಧ್ಯಾಹ್ನದ ನಮಾಝ್ ಮುಗಿಸಿ ಕುಂಞಿ ಮೊಹಮ್ಮದ್ ನೆಟ್ಟಗೆ ಅವನ ಜಗುಲಿಗೇ ಬಂದರು. ಕೈಯಲ್ಲಿ ಫೋನು ಹಿಡಿದಿದ್ದರು.

“ಇದ್ದಾರೆ ಕಲ್ಲಯ್ಯಣ್ಣ. ಇಬ್ಬರೂ ಇದ್ದಾರೆ. ಮಾತಾಡಿ.”

ಪರಮಾನಂದನ ಧ್ವನಿ ಒಡೆದು ಒಡೆದು ಕೇಳಿಸಿತು. ಸದ್ದು ಬಂದಾಗ ತಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದನಂತೆ, ನವಾಝ್ ಅಣ್ಣ ಅಂಗಿ ಹಿಡಿದು ಎಳೆದುಕೊಂಡು ನೆಲಮಾಳಿಗೆಗೆ ಓಡಿದನಂತೆ, ಹಿಂದೆಯೇ ಆ ಕಿಟಕಿಯ ಗಾಜೆಲ್ಲ ಉದುರಿತಂತೆ. ಕಲ್ಲಯ್ಯ ಹೂಂ ಹೂಂ ಎನ್ನುತ್ತಲೇ ಅತ್ತ. ಫೋನು ಹಿಂತಿರುಗಿಸುವಾಗ ಬ್ಯಾರಿಗಳ ಕೈಯನ್ನೂ ಬಿಡಲಿಲ್ಲ.

“ಬ್ಯಾರಿಗಳೇ, ನಾ ಅದನ್ನ ನೋಡಿದ್ದಿಲ್ರಿ.”

“ನನಗೆ ಗೊತ್ತುಂಟು,” ಎಂದರು ಕುಂಞಿ ಮೊಹಮ್ಮದ್. “ನೋಡದೆ ಕಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ ಮಾರಾಯರೇ. ನೋಡಿ ಕಳಿಸಿದವರು ಇದ್ದಾರಲ್ಲ, ಅವರದ್ದೇ ಹೆದರಿಕೆ. ಆಸ್ಯಾ ಮಾತ್ರ ಅದನ್ನು ನೋಡಿ ಎರಡು ದಿನ ಊಟ ಮಾಡಲಿಲ್ಲ.”

ತಿಂಗಳೊಳಗೆ ವಿಮಾನ ಶುರುವಾಗಿ ಇಬ್ಬರೂ ಒಟ್ಟಿಗೇ ಬಂದಿಳಿದರು. ಕಲ್ಲಯ್ಯ ಗುಂಪಿಗೆ ಮತ್ತೇನನ್ನೂ ಕಳಿಸಲಿಲ್ಲ. ಕುಂಞಿ ಮೊಹಮ್ಮದರ ಹೆಬ್ಬೆರಳೂ ಬರಲಿಲ್ಲ, ಕಳಿಸಿದರಲ್ಲವೇ ಬರುವುದು.

ಅಷ್ಟರಲ್ಲಿ ಪುರಸಭೆಯ ಚುನಾವಣೆ ಬಂತು. ರಿತೇಶ ಹೊಸ ಹಾಳೆ ತಂದ, ಹಳೆಯ ಗುರುತುಗಳೇ ಇದ್ದವು. ಯುದ್ಧದಿಂದ ಗಾಳಿ ಜೋರಾಗಿ ನಮ್ಮ ಕಡೆಗೇ ಬೀಸುತ್ತಿದೆ ಎಂದ. ಈ ಹಾಳೆ ನಂಬಬೇಡಿ ಎಂದು ಕಲ್ಲಯ್ಯ ಹೇಳಿ ನೋಡಿದ. ನಿಮಗೆ ಸುಸ್ತಾಗಿದೆ ಕಲ್ಲಯ್ಯಣ್ಣ ಎಂದು ರಿತೇಶ ನಕ್ಕ. ಇಬ್ಬರೂ ಮನೆಮನೆಗೆ ಹೋದರು. ಬ್ರೆಂಡಾ ಬಾಯಿ ಬೆಲ್ಲ, ನೀರು ಕೊಟ್ಟರು. ಲಕ್ಷಿತನ ಅಮ್ಮ ಎಳನೀರೇ ಕೊಟ್ಟಳು. ಎಲ್ಲರೂ ಆಯಿತು, ನೋಡುವ ಎಂದರು. ಮನೆಗೆ ಬಂದವರ ಮುಖಕ್ಕೆ ಇಲ್ಲವೆನ್ನುವ ರೂಢಿ ಆ ಓಣಿಗಿಲ್ಲ. ಅದು ತಿಳಿಯಬೇಕಾದವನು ಅದೇ ಊರಲ್ಲಿ ಹುಟ್ಟಿದ ರಿತೇಶ. ಆದರೆ ಗೆಲ್ಲುತ್ತ ಬಂದವನಿಗೆ ಬೊದ್ದು ಸದ್ದೂ ಗಟ್ಟಿಯಾಗಿಯೇ ಕೇಳಿಸುತ್ತದೆ. ನೋಡುವ ಎಂದ ಮನೆಗಳಿಗೆಲ್ಲ ಅವನು ಹಸಿರು ಬಳಿದ.

ಮತದಾನದ ದಿನ ಆ ಓಣಿಯಿಂದ ಅರ್ಧ ಜನ ಹೊರಡಲೇ ಇಲ್ಲ. ಎಂದೂ ಸೋಲದ ವಾರ್ಡಿನಲ್ಲಿ ಪಕ್ಷ ಹದಿನೇಳು ಮತಗಳಿಂದ ಸೋತಿತು. ಗೆದ್ದ ಪಕ್ಷದವನು ಯಾರೆಂದು ಓಣಿಯಲ್ಲಿ ಬಹಳ ಜನಕ್ಕೆ ಗೊತ್ತೂ ಇರಲಿಲ್ಲ.

ಕಲ್ಲಯ್ಯ ಕೊನೆಯ ರೊಟ್ಟಿ ಮುರಿಯುವಾಗ ರಿತೇಶ ಬಂದ. ಕೂರಲಿಲ್ಲ. ಹಾಳೆ ಮುಂದೆ ಹಿಡಿದು ಕೇಳಿದ.

“ಇದರಲ್ಲಿ ಕೈಕೊಟ್ಟವರು ಯಾರು ಕಲ್ಲಯ್ಯಣ್ಣ? ಹದಿನೇಳು ಓಟು ಎಲ್ಲಿ ಹೋಯಿತು? ನಿಮಗೆ ಗೊತ್ತುಂಟು, ಹೇಳಿ.”

ಕಲ್ಲಯ್ಯ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ. ಈ ಊರಲ್ಲಿ ತನಗೊಂದು ಹೆಸರು ಕೊಟ್ಟವನು ಎದುರಿಗೆ ನಿಂತಿದ್ದಾನೆ. ಸುಳ್ಳು ಹೇಳಿದರೆ ಆ ಹೆಸರು ಉಳಿಯುತ್ತದೆ, ಅಕ್ಕಪಕ್ಕದ ಯಾರದೋ ಮನೆಯ ಮೇಲೆ ಬೆರಳು ತೋರಿಸಿದರೆ ಮುಗಿಯಿತು. ಅವನು ಕೈ ತೊಳೆದು ಬಂದು ಹಾಳೆಯಲ್ಲಿ ಹಸಿರು ಬಳಿದ ಮೂರು ಹೆಸರುಗಳ ಮೇಲೆ ಬೆರಳಿಟ್ಟ.

“ಮೂರು ಇಲ್ಲೇ ಅದಾವ ರಿತೇಶಣ್ಣ. ನಂದು, ನನ್ನ ಹೇಣತೀದು, ಪರಮಾನಂದಂದು. ನಾವು ಬೂತಿಗೇ ಹೋಗ್ಲಿಲ್ಲ. ಉಳದವ್ರನ್ನ ನಾ ಕೇಳಂಗಿಲ್ಲ, ನೀವೂ ಕೇಳಬ್ಯಾಡ್ರಿ.”

ರಿತೇಶ ಆ ಮೂರು ಹೆಸರುಗಳನ್ನೇ ನೋಡಿದ. ಆಮೇಲೆ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತು, ರೇಣುಕವ್ವನ ಹತ್ತಿರ ನೀರು ಕೇಳಿದ. ಕುಡಿದು ಹೋಗುವಾಗ ಹಾಳೆಯನ್ನು ಅಲ್ಲೇ ಮರೆತನೋ, ಬಿಟ್ಟನೋ, ತಿಳಿಯಲಿಲ್ಲ.

ಅವನು ಹೋದ ಮೇಲೆ ಕಲ್ಲಯ್ಯನಿಗೆ ಹೊತ್ತ ಹೆಡಿಗೆ ಇಳಿಸಿದಂತಾಯಿತು. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ ಫೋನು ಹಿಡಿದ. ಹಿಂದಿನ ಸಂಜೆ ಆಸ್ಯಾರ ಅಂಗಳದಲ್ಲಿ ನವಾಝ್, ಪರಮಾನಂದ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ಫೋಟೋ ಅದರಲ್ಲಿತ್ತು. ಬಸ್ಸಿಗೆ ಹೊತ್ತಾಗಿತ್ತು. ಆದರೂ ಫೋಟೋವನ್ನು ಎರಡು ಸಲ ದೊಡ್ಡದು ಮಾಡಿ ನೋಡಿದ, ಜಯಮಾಲಾಗೆ ತೋರಿಸಿದ, ಇದರಲ್ಲಿ ಯಾರಿಗೂ ನೋಯುವಂಥದ್ದೇನೂ ಇಲ್ಲವಲ್ಲ ಎಂದು ಕೇಳಿದ. ಅವಳು ನಗುತ್ತ ಇಲ್ಲ ಎಂದಳು. ಆಮೇಲೆ ನಮ್ಮ ಓಣಿಗೆ ಕಳಿಸಿ, ಬುತ್ತಿ ಹಿಡಿದು ಹೊರಟ.

ಬಸ್ಸು ಹತ್ತುವ ಮೊದಲು ಫೋನು ಸದ್ದು ಮಾಡಿತು. ತೆಗೆದು ನೋಡಿದ. ಕುಂಞಿ ಮೊಹಮ್ಮದರ ಹೆಬ್ಬೆರಳು ಬಂದಿತ್ತು.