ಅರ್ಧ ಹೊಲಿದ ಬ್ಯಾಗುಗಳು

ಆಗ ನಾನು ಆಫೀಸ್ ಬ್ಯಾಗುಗಳನ್ನು ಮಾರುವ ಒಂದು ಕಂಪನಿಯಲ್ಲಿದ್ದೆ. ಕಂಪನಿಗೆ ಸ್ವಂತ ಫ್ಯಾಕ್ಟರಿ ಇರಲಿಲ್ಲ. ಧಾರಾವಿಯ ಸಣ್ಣ ವರ್ಕ್‌ಶಾಪುಗಳಲ್ಲಿ ಹೊಲಿಸಿ, ನಮ್ಮ ಲೇಬಲ್ ಹಚ್ಚಿ ಮಾರುತ್ತಿದ್ದೆವು. ನಾನು ಓದಿದ್ದು ಆಪರೇಷನ್ಸ್ ಮ್ಯಾನೇಜ್‌ಮೆಂಟ್. ಮುಲುಂಡ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಕೇಳಿದರೆ ಅಮ್ಮ, "ಡಾಕ್ಟರ್ ಅಲ್ಲ, ಅದು ಬೇರೆ ಆಪರೇಷನ್" ಎಂದು ಮಾತು ಮುಗಿಸುತ್ತಿದ್ದಳು. ಒಂದು ವಸ್ತು ತಯಾರಾಗುವಾಗ ಎಲ್ಲೆಲ್ಲಿ ಸುಮ್ಮನೆ ಬಿದ್ದುಕೊಂಡಿರುತ್ತದೆ, ಯಾಕೆ ಬಿದ್ದುಕೊಂಡಿರುತ್ತದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು.

ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಮ್ಯಾನೇಜರ್ ನನ್ನನ್ನು ಕರೆದರು. ಒಂದು ವರ್ಕ್‌ಶಾಪಿನಿಂದ ಮಾಲು ಪ್ರತಿ ಸಲ ತಡವಾಗಿ ಬರುತ್ತಿತ್ತು. "ಹೊಲಿಗೆ ಚೆನ್ನಾಗಿದೆ, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ದೀಪಾವಳಿ ಆರ್ಡರೂ ತಡವಾದರೆ ಅವರನ್ನು ಬಿಟ್ಟುಬಿಡೋಣ. ನೀನೊಮ್ಮೆ ಹೋಗಿ ನೋಡು" ಎಂದರು.

ವರ್ಕ್‌ಶಾಪ್ ನಡೆಸುತ್ತಿದ್ದವರು ವಿಜಯಪುರದ ಕಡೆಯ ಗಂಡ ಹೆಂಡತಿ. ಕಬ್ಬಿಣದ ಏಣಿ ಹತ್ತಿ ಹೋಗಬೇಕಾದ ಒಂದು ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಚರ್ಮ ಕತ್ತರಿಸುವ ಮೇಜು, ಆಮೇಲೆ ಗೋಂದು ಹಚ್ಚುವವರು, ಆಮೇಲೆ ಹೊಲಿಗೆ ಮೆಷಿನ್ನುಗಳು. ಕೊನೆಗೆ ಕಿಟಕಿಯ ಪಕ್ಕ ಯಜಮಾನರ ಕುರ್ಚಿ. ಬ್ಯಾಗಿಗೆ ಹಿಡಿಕೆ ಕೂರಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಿಡಿಕೆ ಕಿತ್ತುಬಂದರೆ ಹೆಸರು ಕೆಡುತ್ತದೆ ಎಂಬುದು ಅವರ ಮಾತು. ಉಳಿದ ಎಲ್ಲವನ್ನೂ ಹೆಂಡತಿ ನೋಡಿಕೊಳ್ಳುತ್ತಿದ್ದರು.

ನಾನು ಕನ್ನಡದಲ್ಲಿ ಮಾತಾಡಿದ್ದೇ ಆಕೆಗೆ ನಗು ಬಂತು. "ಉಡುಪಿ ಕಡೆಯವರೇನ್ರಿ? ಪುಸ್ತಕ ಓದಿದಂಗ ಮಾತಾಡ್ತೀರಿ" ಎಂದು ಸ್ಟೂಲ್ ಎಳೆದುಕೊಟ್ಟರು.

ಮೊದಮೊದಲು ನಾನು ಸುಮ್ಮನೆ ಕೂತು ನೋಡಿದೆ. ಯಾರೂ ಸೋಮಾರಿಗಳಾಗಿರಲಿಲ್ಲ. ಕತ್ತರಿಸುವವನು ಇಡೀ ಆರ್ಡರಿನ ಚರ್ಮವನ್ನು ಒಟ್ಟಿಗೆ ಕತ್ತರಿಸಿ ಗುಡ್ಡೆ ಹಾಕುತ್ತಿದ್ದ. ಗೋಂದಿನವರು ಅದನ್ನು ಮುಗಿಸಿ ಇನ್ನೊಂದು ಗುಡ್ಡೆ ಹಾಕುತ್ತಿದ್ದರು. ಮೆಷಿನ್ನಿನವರದು ಮತ್ತೊಂದು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ, ನಡುವೆ ಅರ್ಧ ಹೊಲಿದ ಬ್ಯಾಗುಗಳ ರಾಶಿ. ಬಾತ್‌ರೂಮಿಗೆ ಹೋಗಬೇಕಾದರೂ ಅದನ್ನು ದಾಟಿಯೇ ಹೋಗಬೇಕು.

ಆ ವಾರವೇ ಒಂದು ಎಡವಟ್ಟಾಯಿತು. ಒಳಜೇಬನ್ನು ಯಾರೋ ತಲೆಕೆಳಗಾಗಿ ಅಂಟಿಸಿಬಿಟ್ಟಿದ್ದರು. ಮೆಷಿನ್ನಿನವರು ಅದನ್ನು ಹಾಗೇ ಹೊಲಿದರು. ಬ್ಯಾಗುಗಳು ಯಜಮಾನರ ಕೈಗೆ ಬಂದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ರಾಶಿಯೆಲ್ಲ ಹಾಗೇ ಹೊಲಿದಾಗಿತ್ತು. ಎಲ್ಲರೂ ಕೂತು ಹೊಲಿಗೆ ಬಿಚ್ಚಿದರು. ಯಜಮಾನರು ಬೈಯಲಿಲ್ಲ. ತಾವೂ ಒಂದು ಬ್ಲೇಡ್ ತಗೊಂಡು ಕೂತರು.

ಮರುದಿನ ನಾನು ಪ್ಲಾಸ್ಟಿಕ್ ಕ್ರೇಟುಗಳನ್ನು ತರಿಸಿದೆ. ಇಬ್ಬರ ನಡುವೆ ಒಂದೇ ಕ್ರೇಟ್. ಅದರಲ್ಲಿ ಹಿಡಿಯುವಷ್ಟನ್ನು ಮಾತ್ರ ಮಾಡಿ ಮುಂದಿನವರಿಗೆ ಕೊಡಬೇಕು. ಮುಂದಿನವರ ಕ್ರೇಟ್ ತುಂಬಿದ್ದರೆ ಕೈ ನಿಲ್ಲಿಸಬೇಕು. ತಪ್ಪಾದರೆ ಒಂದು ಕ್ರೇಟಿನಲ್ಲೇ ಸಿಕ್ಕಿಬೀಳುತ್ತದೆ, ಮೊದಲ ಬ್ಯಾಗು ಬೇಗ ಹೊರಗೆ ಹೋಗುತ್ತದೆ ಎಂದು ವಿವರಿಸಿದೆ.

"ಕೆಲಸ ಇಟಗೊಂಡು ಸುಮ್ನ ಕುಂದ್ರೂದಾ?" ಎಂದು ಆಕೆ ಕೇಳಿದರು.

"ಮುಂದಿನವರಿಗೆ ಬೇಕಾಗುವ ಮೊದಲು ಮಾಡಿಟ್ಟರೆ ಏನು ಲಾಭ? ಅದು ಇಲ್ಲೇ ಬಿದ್ದಿರುತ್ತದೆ ಅಷ್ಟೇ."

ಆಕೆ ಗಂಡನ ಕಡೆ ನೋಡಿದರು. "ನೋಡೂಣು ಬಿಡ, ಒಂದ್ ವಾರ ಮಾಡೂಣು" ಎಂದರು ಅವರು.

ರಾಶಿ ನಿಧಾನವಾಗಿ ಕರಗಿತು. ನೆಲದ ಹಾಸುಗಲ್ಲು ಕಾಣತೊಡಗಿತು. ಕೋಣೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಎಲ್ಲರಿಗೂ ಕಂಡರು. ಆಗಲೇ ನಾನು ನಿರೀಕ್ಷಿಸದ ಒಂದು ಸಂಗತಿಯಾಯಿತು. ಕಿಟಕಿಯ ಪಕ್ಕದ ಕ್ರೇಟ್ ತುಂಬಿ ನಿಂತಿತು. ಮೆಷಿನ್ನುಗಳು ನಿಂತವು. ಆಮೇಲೆ ಗೋಂದಿನವರ ಕೈ ನಿಂತಿತು, ಕತ್ತರಿಯೂ ನಿಂತಿತು. ಕೋಣೆ ಪೂರ್ತಿ ನಿಶ್ಶಬ್ದವಾಗಿ ಎಲ್ಲರೂ ಯಜಮಾನರನ್ನೇ ನೋಡುತ್ತ ಕೂತರು. ಅವರು ತಲೆ ಎತ್ತದೆ, ಹಿಡಿಕೆಯ ತೂತು ಎಲ್ಲಿ ಹಾಕಬೇಕು ಎಂದು ಹೆಬ್ಬೆರಳಿನಿಂದ ಸವರಿ ಸವರಿ ಹುಡುಕುತ್ತಿದ್ದರು. ಹಾಗೆ ನಿಲ್ಲುವುದು ದಿನಾ ನಡೆಯತೊಡಗಿತು.

ಒಂದು ಸಂಜೆ ಆಕೆ ನನ್ನ ಜೊತೆ ಸಾಯನ್ ಸ್ಟೇಷನ್ನಿನವರೆಗೆ ನಡೆದು ಬಂದರು. ತರಕಾರಿ ತಗೋಬೇಕು ಎಂದಿದ್ದರು, ಆದರೆ ಎಲ್ಲೂ ನಿಲ್ಲಲಿಲ್ಲ.

"ಅವರಿಗೆ ಕಣ್ಣು ಸರಿ ಕಾಣಂಗಿಲ್ರಿ" ಎಂದರು. "ಹೋದ ವರ್ಷದಿಂದ. ಮುಂದ ರಾಶಿ ಬಿದ್ದಿರ್ತಿತ್ತು, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮಾಲು ಲೇಟ್ ಆದ್ರ ಮೆಷಿನ್ನಿನವ್ರು ಲೇಟು ಅಂತ ನಾನ ಹೇಳ್ತಿದ್ನಿ. ನೀವು ರಾಶಿ ತಗದ್ರಿ, ಅವರು ಬಯಲಿಗಿ ಬಿದ್ರು."

ಕೆಲಸ ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿ ಕೈ ಹಾಕು ಎಂದು ಓದಿದ್ದೆ. ಅಲ್ಲಿ ಒಬ್ಬ ಮನುಷ್ಯ ಕೂತಿದ್ದರೆ ಅವನಿಗೆ ಹೇಗೆ ಹೇಳಬೇಕು ಎಂಬುದು ಓದಿನಲ್ಲಿ ಬಂದಿರಲಿಲ್ಲ. "ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಮಾತ್ರ ಕೇಳಿದೆ.

"ಮೂರ್ ಸಲ ಹೇಳೀನಿ. ಆರ್ಡರ್ ಮುಗೀಲಿ ಅಂತಾರ. ಆರ್ಡರ್ ಎಲ್ಲಿ ಮುಗೀತಾವ್ರಿ?"

ಮರುದಿನ ನಾನು ಯಜಮಾನರ ಎದುರು ಕೂತು, ಹಿಡಿಕೆ ಕೂರಿಸುವ ಕೆಲಸವನ್ನು ಎರಡು ಭಾಗ ಮಾಡಿ ಇಬ್ಬರಿಗೆ ಹಂಚೋಣ ಎಂದೆ. ತೂತಿನ ಜಾಗ ಗುರುತಿಸಲು ಒಂದು ಮರದ ಅಚ್ಚು ಬೇಕು. ಅಚ್ಚಿದ್ದರೆ ಯಾರು ಬೇಕಾದರೂ ಸರಿಯಾದ ಕಡೆ ತೂತು ಹಾಕಬಹುದು. ಕಣ್ಣಿನ ವಿಷಯ ನಾನು ಎತ್ತಲಿಲ್ಲ. ಅವರು ಕೈಯಲ್ಲಿದ್ದ ಹಿಡಿಕೆಯನ್ನು ಕೆಳಗಿಟ್ಟರು.

"ಆಕಿ ಹೇಳಿದ್ಲಾ?"

"ಹೌದು."

"ಅಚ್ಚು ನಾ ಮಾಡ್ಸ್ತೀನಿ. ಅಳತಿ ನನಗ ಗೊತ್ತೈತಿ" ಎಂದರು. ಎದ್ದು ಏಣಿ ಇಳಿದು ಬಡಗಿಯ ಹತ್ತಿರ ಹೋದರು.

ಅಚ್ಚು ಬಂತು. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಇನ್ನೊಬ್ಬಾಕೆ. ಕ್ರೇಟುಗಳು ಓಡತೊಡಗಿದವು. ದೀಪಾವಳಿಯ ಮಾಲು ಹೇಳಿದ ದಿನಕ್ಕೆ ನಮ್ಮ ಗೋಡೌನ್ ಸೇರಿತು. ಮ್ಯಾನೇಜರ್ ಒಂದೆರಡು ಹಿಡಿಕೆಗಳನ್ನು ಜಗ್ಗಿ ನೋಡಿ "ಠೀಕ್ ಹೈ" ಎಂದರು. ಅವರನ್ನು ಬಿಡುವ ಮಾತು ಮತ್ತೆ ಬರಲಿಲ್ಲ. ವರ್ಕ್‌ಶಾಪಿನಲ್ಲಿ ಮೊದಲಿನ ಹಾಗೆ ಹೊತ್ತು ಮೀರಿ ಕೂರುವುದೂ ನಿಂತಿತು. ವಡಾಲದಿಂದ ಬರುತ್ತಿದ್ದ ಒಬ್ಬ ಮೆಷಿನ್ನಿನವಳು, ಈಗ ಮಗಳು ಟ್ಯೂಷನ್ನಿಂದ ಬರುವ ಮೊದಲೇ ಮನೆ ಸೇರುತ್ತೇನೆ ಎಂದು ಹೇಳಿದಳು.

ಆ ಚಳಿಗಾಲದಲ್ಲಿ ಯಜಮಾನರು ಕಣ್ಣಿನ ಪೊರೆ ತೆಗೆಸಿಕೊಂಡರು. ನಾನು ಮುಂದಿನ ಸಲ ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು ಹಳೆಯ ಕುರ್ಚಿಯಲ್ಲೇ ಕೂತಿದ್ದರು. "ಈಗ ಎಲ್ಲಾ ಕಾಣ್ತೈತ್ರಿ, ನಿಮ್ಮ ಮಾರಿ ಸುದ್ದಾ" ಎಂದರು. ಅಚ್ಚನ್ನು ಪಕ್ಕಕ್ಕಿಟ್ಟು ಮೊದಲಿನಂತೆ ಒಬ್ಬರೇ ಹಿಡಿಕೆ ಕೂರಿಸತೊಡಗಿದರು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ಅವರ ಪಕ್ಕದ ಕ್ರೇಟ್ ತುಂಬಿತು, ಅದರ ಹಿಂದಿನದೂ ತುಂಬಿತು. ಒಂದು ಮೆಷಿನ್ ನಿಂತಿತು.

ಹೆಂಡತಿ ಬಂದು ಕುರ್ಚಿಯ ಹತ್ತಿರ ನಿಂತರು. "ಏಳ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವರು ಕೈಯಲ್ಲಿದ್ದ ಬ್ಯಾಗು ಮುಗಿಸಿ ಎದ್ದರು. ಗೂಟದಲ್ಲಿದ್ದ ಅಂಗಿ ತೊಟ್ಟು, "ಕಡೀ ಸಲ ಬಂದ ಚರ್ಮ ನನಗ ಹಿಡಸಲಿಲ್ಲ, ನಾನ ಹೋಗಿ ಆರಿಸಿ ತರ್ತೀನಿ" ಎಂದು ಯಾರಿಗೆಂದಿಲ್ಲದೆ ಹೇಳಿ ಹೊರಟರು. ಮಾರ್ಕೆಟ್ಟಿಗೆ ಹೋಗುವ ಕೆಲಸ ಅಂದಿನಿಂದ ಅವರದಾಯಿತು. ನಾನೂ ಅವರ ಹಿಂದೆಯೇ ಏಣಿ ಇಳಿದೆ. ಕೆಳಗಿನ ಗಲ್ಲಿಯಲ್ಲಿ ಅವರು ಸ್ವಲ್ಪ ನಿಂತು, ಎದುರುಗಡೆ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಬಲಕ್ಕೆ ತಿರುಗಿದರು. ನಾನು ಸ್ಟೇಷನ್ನಿನ ಕಡೆ ನಡೆದೆ.