ಮೂರು ತಿರುವಿನ ಪೈಪು

ನಲ್ಲಿ ಸಾಬರ ಗಡ್ಡದಲ್ಲಿ ಸದಾ ಒಂದೆರಡು ಸೆಣಬಿನ ಎಳೆ ಸಿಕ್ಕಿಕೊಂಡಿರುತ್ತಿತ್ತು. ಪೈಪಿನ ತಿರುಪಿಗೆ ಸುತ್ತುವ ಸೆಣಬನ್ನು ಹಲ್ಲಲ್ಲಿ ಕಚ್ಚಿ ಎಳೆಯುವುದು ಅವರ ಅಭ್ಯಾಸ. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಅವರೇ ಬರಬೇಕು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದು ಒಂದು ವರ್ಷವಾಗಿತ್ತು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತನ್ನು ದೇವರು ಉಳಿಸಿದ್ದ. ದಿನಕ್ಕೆ ಐದಾರು ದುಪ್ಪಟಿ, ಸೀರೆ. ಬೆಳಗ್ಗೆ ಒಗೆಯುವ ಕಲ್ಲಿನ ಮುಂದೆ ಹೋದರೆ ಬಿಡುವಾಗ ಮಧ್ಯಾಹ್ನ. ಆಮೇಲೆ ಅವರಿಗೆ ಉಣಿಸುವುದು, ಮತ್ತೆ ಬಟ್ಟೆ. ಬೀದಿಯ ಕೊನೆಯ ಗಣಪತಿ ಗುಡಿಯ ಗಂಟೆ ಮನೆಗೆ ಕೇಳಿಸುತ್ತಿತ್ತು. ಆ ಒಂದು ವರ್ಷ ನಾನು ಗುಡಿಯ ಮೆಟ್ಟಿಲು ಹತ್ತಿರಲಿಲ್ಲ. ಗಂಟೆ ಕೇಳುವಷ್ಟು ಹತ್ತಿರದಲ್ಲಿ ಇಟ್ಟಿದ್ದಾನಲ್ಲ, ಅಷ್ಟೇ ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸಮಾಧಾನ ಆಗುತ್ತಿರಲಿಲ್ಲ.

ಮೈದುನನಿಗೆ ಮುಂಬಯಿಗೆ ವರ್ಗವಾದಾಗ ತನ್ನ ವಾಷಿಂಗ್ ಮಿಶನ್ನನ್ನು ನಮ್ಮಲ್ಲಿ ಬಿಟ್ಟುಹೋದ. ನಮ್ಮ ಯಜಮಾನರು ಒಂದು ಭಾನುವಾರ ಅದನ್ನು ಹಿತ್ತಿಲ ಜಗಲಿಗೆ ಎಳೆದು, ನಲ್ಲಿಗೊಂದು ಕೊಳವೆ ಸಿಕ್ಕಿಸಿ, ಕೊಳೆನೀರಿನ ಕೊಳವೆಯನ್ನು ನೆಲದ ಮೇಲೆ ಬಿಟ್ಟರು. ಅರ್ಧ ಗಂಟೆ ನೀರು ಬಿಟ್ಟರೂ ಮಿಶನ್ ತುಂಬಲಿಲ್ಲ. ಸಾಬೂನಿನ ನೀರೆಲ್ಲ ಹರಿದು ತುಳಸಿಕಟ್ಟೆಯ ಬುಡಕ್ಕೆ ಹೋಯಿತು. ಅತ್ತೆಯ ಹಾಸಿಗೆ ಇದ್ದದ್ದು ಅದರ ಎದುರಿನ ಕಿಟಕಿಯ ಪಕ್ಕದಲ್ಲೇ.

“ನನ್ನ ಮೈಲಿಗೆ ನೀರನ್ನ ತುಳಸಮ್ಮನ ಕಾಲಿಗೆ ಬಿಟ್ರೇನೋ! ನಾನ್ ಸತ್ತ ಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ,” ಎಂದು ಅತ್ತೆ ಅತ್ತರು.

“ಕೆಟ್ಟಿರೋದನ್ನೇ ನಮ್ಮ ತಲೆಗೆ ಕಟ್ಟಿದಾನೆ ಕಣೇ,” ಎಂದು ಯಜಮಾನರು ತಮ್ಮನನ್ನು ಬೈದರು.

ಮಿಶನ್ ನಡುಮನೆಗೆ ಹೋಯಿತು. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ರೇಡಿಯೋ. ಆಯುಧಪೂಜೆಗೆ ನಾನೇ ಅದಕ್ಕೆ ಕುಂಕುಮವಿಟ್ಟು, ಚೆಂಡುಹೂವು ಮುಡಿಸಿ, ಮತ್ತೆ ಕಲ್ಲಿನ ಮುಂದೆ ಹೋಗಿ ನಿಂತೆ.

ಹಿತ್ತಿಲ ನಲ್ಲಿ ಸರಿಮಾಡಲು ಬಂದ ಸಾಬರು ಒಂದು ದಿನ ನನ್ನ ಕೈ ನೋಡಿದರು. ಬೆರಳ ಸಂದುಗಳು ಒಡೆದು ರಕ್ತ ಬರುತ್ತಿತ್ತು. ಮಿಶನ್ನಿನ ಕತೆಯನ್ನೆಲ್ಲ ಕೇಳಿ, “ನೀರಿಗೆ ದಾರಿ ತೋರಿಸ್ಬೇಕಮ್ಮಾ. ತೋರಿಸ್ದಿದ್ರೆ ಗೋಡೇನೇ ಹಾಳು ಮಾಡುತ್ತೆ,” ಎಂದರು. ಇದು ಅವರು ಎಲ್ಲರ ಮನೆಯಲ್ಲೂ ಹೇಳುತ್ತಿದ್ದ ಮಾತು.

ಮನೆಯ ಹಿರಿಯರನ್ನು ಕೇಳದೆ ಅವರು ಯಾರ ನೆಲಕ್ಕೂ ಹಾರೆ ಹಾಕುತ್ತಿರಲಿಲ್ಲ. ಕಿಟಕಿಯ ಹೊರಗೆ ನಿಂತು, “ಅಮ್ಮಾವ್ರೇ, ಕೊಳೆನೀರು ಎಲ್ಲಿಂದ ಹೋಗ್ಲಿ? ನೀವೇ ಹೇಳಿ,” ಎಂದರು.

ವರ್ಷದಿಂದ ಅತ್ತೆಯನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಮಣ್ಣೊಳಗೆ ಹೋಗ್ಲಿ. ತುಳಸಿ ಮುಂದೆ ಬೇಡ.”

“ಹಿಂದೆ?”

“ಹಿಂದೇನೂ ಬೇಡ. ಆ ಮೂಲೆಗೆ ಹೋಗಿ ತಿರುಗ್ಲಿ.”

ಸಾಬರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತ ಹೋದರು. ಅತ್ತೆ ಬಲಗೈ ಆಡಿಸುತ್ತ “ಇನ್ನೂ ಆಚೆ, ಇನ್ನೂ” ಎನ್ನುತ್ತಿದ್ದರು. ನೇರ ಹೋಗಬಹುದಾಗಿದ್ದ ಪೈಪಿಗೆ ಮೂರು ತಿರುವು ಬಂತು.

“ಅಮ್ಮಾವ್ರು ನನ್ನ ಬೆಂಗ್ಳೂರೆಲ್ಲಾ ಸುತ್ತಿಸ್ತಾರೆ.”

“ಸುತ್ತಪ್ಪ, ನಿಂಗೆ ಕಾಲಿದೆಯಲ್ಲ,” ಎಂದು ಅತ್ತೆ ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಎರಡು ದಿನ ಅಗೆದು ಪೈಪು ಹೂಳಿದರು. ನನಗೆ ಒಂದು ಬಕೆಟ್ ನೀರು ಸುರಿಯಲು ಹೇಳಿ, ತಾವು ಕಾಂಪೌಂಡಿನಾಚೆ ಚರಂಡಿಯ ಬಳಿ ಪೈಪಿನ ಬಾಯಿಗೆ ಅಂಗೈ ಒಡ್ಡಿ ಕೂತರು. “ಬಂತಮ್ಮಾ, ಬಂತು!” ಎಂದು ಕೂಗಿದ್ದು ಹೆರಿಗೆಯ ಸುದ್ದಿ ಹೇಳಿದ ಹಾಗಿತ್ತು.

ಆಮೇಲೆ ಮಿಶನ್ನನ್ನು ಮತ್ತೆ ಹಿತ್ತಿಲ ಜಗಲಿಗೆ ತಂದು, ಅದರ ಕೊಳೆನೀರಿನ ಕೊಳವೆಯನ್ನು ಎತ್ತಿ ಪಕ್ಕದ ಕೊಕ್ಕೆಗೆ ಸಿಕ್ಕಿಸಿದರು. “ತುಂಬೋವಾಗ ಇದು ಮೇಲಿರ್ಬೇಕು. ಖಾಲಿ ಮಾಡೋವಾಗ ಮಾತ್ರ ಕೆಳಗೆ, ಪೈಪೊಳಗೆ.” ಕೆಟ್ಟಿದ್ದು ಅಷ್ಟೇ. “ಯಜಮಾನ್ರಿಗೆ ಹೇಳ್ಬೇಡಿ. ಮಿಶನ್ ಕೆಟ್ಟಿತ್ತು, ಸಾಬ್ರು ರಿಪೇರಿ ಮಾಡಿದ್ರು ಅನ್ನಿ.” ಆ ಸುಳ್ಳನ್ನು ಹೇಳಿದೆ. ದೇವರು ಕ್ಷಮಿಸಿರಬೇಕು.

ಮಿಶನ್ ತಿರುಗತೊಡಗಿತು. ಏನು ಮಾಡಬೇಕೆಂದು ತಿಳಿಯದೆ ನಾನು ಅದರ ಮುಂದೆಯೇ ನಿಂತಿದ್ದೆ.

“ಹದಿನೈದು ನಿಮಿಷ ಇದಕ್ಕೆ ನೀವು ಬೇಡಮ್ಮಾ. ಗುಡಿಗೆ ಹೋಗ್ಬನ್ನಿ. ಕಿಟಕಿ ಹತ್ರ ನಾನ್ ಕೂತಿರ್ತೀನಿ,” ಎಂದರು ಸಾಬರು.

ಅತ್ತೆಯ ಮುಖ ನೋಡಿದೆ. “ಹೋಗೇ. ಮಿಶನ್ ನಿಂತ್ರೆ ನಂಗೆ ಕೇಳ್ಸುತ್ತೆ.”

ಓಡಿದೆ. ಗಣಪತಿಯ ಮುಂದೆ ಏನು ಬೇಡಬೇಕೆಂದೇ ನೆನಪಾಗಲಿಲ್ಲ. ಬಂದು ಪ್ರಸಾದದ ಬಾಳೆಹಣ್ಣು ಕೊಟ್ಟಾಗ ಸಾಬರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ಕಾಫಿಯನ್ನು ಮಾತ್ರ ಅವರಿಗೆಂದೇ ಇಟ್ಟಿದ್ದ ಬೇರೆ ಲೋಟದಲ್ಲಿ ಕೊಟ್ಟೆ. ಕುಡಿದು, ತಾವೇ ತೊಳೆದು, ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಹೋದರು. ಅದನ್ನು ಬರೆಯದೆ ಬಿಟ್ಟರೆ ಇದೆಲ್ಲ ಸುಳ್ಳಾಗುತ್ತದೆ.

ಬಿಡುಗಡೆಯೇನೂ ಆಗಲಿಲ್ಲ. ದಿನಕ್ಕೆ ಹದಿನೈದು ನಿಮಿಷ. ಮಿಶನ್ ನಿಲ್ಲುವ ಮೊದಲು ಹೊಸ್ತಿಲು ತುಳಿಯಬೇಕು. ಅಷ್ಟರಲ್ಲೇ ಮೂರು ವರ್ಷ ಉಸಿರಾಡಿದೆ.

ಒಂದು ಬೆಳಗ್ಗೆ ಹಾಲಿನವಳು ಕಿಟಕಿಯ ಬಳಿ ನಿಂತು, ಸಾಬರು ತೀರಿಕೊಂಡರು ಎಂದಳು. ಅವರ ಮನೆ ಹೆಬ್ಬಾಳದ ಕಡೆ. ಹೋಗಿ ಬರಲು ಒಂದು ಗಂಟೆಯಾದರೂ ಬೇಕು. ಅತ್ತೆಗೆ ಜ್ವರ, ಯಜಮಾನರು ಫ್ಯಾಕ್ಟರಿಯಲ್ಲಿ. ನನ್ನ ಬಳಿ ಹದಿನೈದೇ ನಿಮಿಷ.

ಮಿಶನ್ನಿನ ಕೊಳವೆಯನ್ನು ಕೆಳಗಿಳಿಸಿ, ಹಿತ್ತಿಲ ಗೇಟು ದಾಟಿ, ಸಾಬರು ಕೂತಿದ್ದ ಜಾಗದಲ್ಲಿ ಕೂತು ಪೈಪಿನ ಬಾಯಿಗೆ ಅಂಗೈ ಒಡ್ಡಿದೆ. ಮೂರು ತಿರುವು ದಾಟಿ ಬರಲು ಸ್ವಲ್ಪ ಹೊತ್ತಾಯಿತು.

“ಬಂತು,” ಎಂದೆ.

“ಏನೇ ಅದು?” ಕಿಟಕಿಯಿಂದ ಅತ್ತೆಯ ದನಿ.

“ನೀರು ಅತ್ತೆ. ಸಾಬ್ರು ಹಾಕಿದ ದಾರೀಲಿ.”

“ನಾನ್ ಹೇಳಿದ ದಾರಿ ಅದು,” ಎಂದರು. “ಅವನೊಬ್ಬ ಕೇಳ್ದ ಕಣೇ.”