ವಹಾಬ್ ಸಾಬರ ವಿದೇಶಾಂಗ ನೀತಿ

“ಅಮ್ಮಾ, ಅಮೆರಿಕದೋರು ಯುದ್ಧಕ್ಕೆ ಹೋಗೋ ಮುಂಚೆ ನಮ್ ವಹಾಬ್ ತಾತನ್ನ ಒಂದ್ಮಾತು ಯಾಕೆ ಕೇಳಲ್ಲ?” ಎಂದು ನನ್ನ ಮಗಳು ತಲೆ ಬಾಚಿಸಿಕೊಳ್ಳುತ್ತಾ ಕೇಳಿದಳು. ಕೇಳಿದ್ದರೆ ಚೆನ್ನಾಗಿರುತ್ತಿತ್ತು. ಚನ್ನಪಟ್ಟಣದ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ವಹಾಬ್ ಸಾಬರು ಬೆಳಗ್ಗೆ ಪೇಪರು ಹಿಡಿದು ಕಾಂಪೌಂಡಿಗೆ ಒರಗಿದರೆಂದರೆ ನನ್ನ ಒಲೆಯ ಮೇಲಿನ ಹಾಲು ಉಕ್ಕಿದಂತೆಯೇ. ಯಾವ ದೇಶದ ಯುದ್ಧವಿರಲಿ, ಮಾತು ಇರಾಕಿಗೇ ಬಂದು ನಿಲ್ಲುತ್ತದೆ. “ಬಾಂಬು ಐತೆ ಅಂತ ನುಗ್ಗಿದ್ರಲ್ಲಮ್ಮ, ಸಿಕ್ತಾ? ನಾವು ರೇಷ್ಮೆ ಗೂಡು ತಗೊಳಕ್ಕೂ ಕಿವಿ ತಾವ ಅಲ್ಲಾಡ್ಸಿ ನೋಡ್ತೀವಿ, ಒಳಗೆ ಏನೈತೆ ಅಂತ.” ಬೇಹುಗಾರರು ತಪ್ಪು ಸುದ್ದಿ ಕೊಟ್ಟರೇನೋ ಎಂದು ನಾನೆಂದರೆ ಕನ್ನಡಕ ಹಣೆಗೇರುತ್ತದೆ. “ಸುದ್ದಿ ತಪ್ಪಲ್ಲಮ್ಮ. ಹೋಗೋ ಮನ್ಸು ಮೊದ್ಲೇ ಇತ್ತು, ಅದಕ್ಕೆ ಒಪ್ಪೋ ಸುದ್ದಿ ತರ್ಸ್ಕೊಂಡ್ರು.” ಇದನ್ನು ಸೊಪ್ಪು ಮಾರುವ ಕೆಂಚಮ್ಮನಿಗೂ, ಕರೆಂಟ್ ಮೀಟರ್ ನೋಡಲು ಬಂದವನಿಗೂ ಹೇಳಿ ಮುಗಿಸಿದ್ದಾರೆ. ಆದರೆ ತಮ್ಮ ಮಗಳು ಮಿಸ್ಬಾಳ ಮದುವೆಯಾದ ವಾರಕ್ಕೇ, ಅಳಿಯ ಇಸ್ಪೀಟಾಡುತ್ತಾನೆಂದು ಯಾರೋ ಅಂದದ್ದನ್ನು ನಂಬಿ ನೆಂಟರೆದುರು ಅವನನ್ನು ಬೈದವರೂ ಇವರೇ. ಅದು ಸುಳ್ಳಾಗಿತ್ತು. ಅಂದು ರಾಮನಗರದ ಗಂಡನ ಮನೆಗೆ ಹೋದ ಮಿಸ್ಬಾ ತವರಿಗೆ ಮತ್ತೆ ಬಂದಿಲ್ಲ. ಈಗ ತುಂಬು ಗರ್ಭಿಣಿ. ಇವತ್ತು ನಾನು ರಾಮನಗರಕ್ಕೆ ಹೊರಟಾಗ ಸಾಬರ ಕೈಯಲ್ಲಿ ಪೇಪರಿರಲಿಲ್ಲ. “ಒಸಿ ಮಿಸ್ಬಾ ಮನೆಗೆ ಹೋಗ್ಬನ್ನಿ ಅಮ್ಮ. ಬಾಣಂತನಕ್ಕೆ ಕರ್ಕೊಂಡ್ ಬರಕ್ಕೆ ನಾನೇ ಬತ್ತೀನಿ ಅಂತ ಹೇಳಿ. ನಿಮ್ಮಪ್ಪಂಗೆ ಯಾರೋ ಸುಳ್ಳು ಹೇಳಿದ್ರು ಅನ್ಬೇಡಿ. ಗಂಡನ ಮನೆಗೆ ನಿನ್ನ ಕಳ್ಸಕ್ಕೆ ಅವಂಗೆ ಮನ್ಸಿರ್ಲಿಲ್ಲ, ಅದ್ಕೇ ನಂಬ್ಬುಟ್ಟ ಅನ್ನಿ.”